ಕ್ಯಾಲಿಫೋರ್ನಿಯಾದ ಸರ್ವೆ ಪರೀಕ್ಷೆ ಏನನ್ನು ಅಳೆಯುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಎಂಜಿನಿಯರ್ ಪರವಾನಗಿಗೆ ರಾಷ್ಟ್ರಮಟ್ಟದ ಪಿಇ (ಪ್ರೊಫೆಷನಲ್ ಎಂಜಿನಿಯರ್) ಪರೀಕ್ಷೆಯೊಂದೇ ಸಾಲದು; ಭೂಕಂಪ ತತ್ತ್ವಗಳ ಪರೀಕ್ಷೆಯನ್ನೂ ಎಂಜಿನಿಯರಿಂಗ್ ಸರ್ವೇಯಿಂಗ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಭೂಕಂಪ ಪರೀಕ್ಷೆಯ ಅಗತ್ಯವನ್ನು ಆ ನೆಲದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸರ್ವೆ ಪರೀಕ್ಷೆ ಇಂದಿನ ಕೆಲಸಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಮಾತ್ರ ಪರಿಶೀಲಿಸಬೇಕಾಗಿದೆ.

ಎರಡೂವರೆ ಗಂಟೆಯಲ್ಲಿ 55 ಬಹು ಆಯ್ಕೆಯ ಪ್ರಶ್ನೆಗಳು, ಅಂದರೆ ಒಂದಕ್ಕೆ ಮೂರು ನಿಮಿಷವೂ ಸಿಗುವುದಿಲ್ಲ. ತಯಾರಿಯ ಬಹುಪಾಲು ಲೆವೆಲಿಂಗ್ (ಎತ್ತರಗಳ ವ್ಯತ್ಯಾಸ ಅಳೆಯುವುದು), ಟ್ರಾವರ್ಸ್ (ಸಾಲು ಬಿಂದುಗಳ ನಡುವಿನ ಕೋನ, ದೂರಗಳ ಅಳತೆ), ರಸ್ತೆಯ ತಿರುವುಗಳ ಜ್ಯಾಮಿತಿ, ಮಣ್ಣುಕೆಲಸದ ಪ್ರಮಾಣ ಮತ್ತು ಗೂಟ ನೆಡುವ ಲೆಕ್ಕಗಳಿಗೇ ಹೋಗುತ್ತದೆ. ಇವನ್ನು ಹಳತೆಂದು ತಳ್ಳಿಹಾಕುವುದು ಸರಿಯಲ್ಲ. ಕೋನ, ದೂರಗಳನ್ನು ತಾನೇ ಅಳೆಯುವ ರೊಬೊಟಿಕ್ ಟೋಟಲ್ ಸ್ಟೇಷನ್ ತೋರಿಸಿದ ಅಂಕಿ ಅಸಂಬದ್ಧವಾಗಿದ್ದರೆ ಅದನ್ನು ಥಟ್ಟನೆ ಗುರುತಿಸುವವರು ಈ ಲೆಕ್ಕಗಳನ್ನು ಕೈಯಾರೆ ಬಿಡಿಸಿದವರೇ. ಆದರೆ ಟ್ರಾವರ್ಸ್‌ನ ದೋಷವನ್ನು ಕ್ಯಾಲ್ಕುಲೇಟರಿನಲ್ಲಿ ಎಷ್ಟು ಬೇಗ ಹಂಚಬಲ್ಲರು ಎಂಬುದರಿಂದ ಅಭ್ಯರ್ಥಿಯ ಅರ್ಹತೆ ಈಗ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಕಚೇರಿಯಲ್ಲಿ ಅದನ್ನು ಮಾಡುವುದು ಸಾಫ್ಟ್‌ವೇರ್.

ಇಂದು ತಪ್ಪುಗಳು ಹುಟ್ಟುವ ಜಾಗವೇ ಬೇರೆ. ಉಪಗ್ರಹಗಳ ಸಂಕೇತದಿಂದ ಸ್ಥಾನ ಕಂಡುಹಿಡಿಯುವ ಜಿಎನ್‌ಎಸ್‌ಎಸ್ ರಿಸೀವರ್ ಮೂಲತಃ ಅಳೆಯುವುದು ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ಆಕಾರಕ್ಕೆ ಹೊಂದುವ ನಯವಾದ ಗಣಿತದ ಮೇಲ್ಮೈಯಿಂದ, ಇರುವ ಎತ್ತರವನ್ನು. ಸರಾಸರಿ ಸಮುದ್ರಮಟ್ಟಕ್ಕೆ ಹೊಂದುವ ಜಿಯಾಯ್ಡ್ ಮಾದರಿಯನ್ನು ಅನ್ವಯಿಸದೆ ಅದನ್ನೇ ನಕ್ಷೆಗೆ ಇಳಿಸಿದರೆ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮೂವತ್ತು ಮೀಟರಿನ ಆಸುಪಾಸಿನ ವ್ಯತ್ಯಾಸ ಬರುತ್ತದೆ. ಅಮೆರಿಕದ ಸರ್ವೆ ಅಡಿಯನ್ನು ರಾಷ್ಟ್ರಮಟ್ಟದಲ್ಲಿ 2022ರ ಕೊನೆಗೆ ಕೈಬಿಡಲಾಯಿತಾದರೂ ಹಳೆಯ ದಾಖಲೆಗಳು ಅದರಲ್ಲೇ ಉಳಿದಿವೆ. ಅದಕ್ಕೂ ಅಂತರರಾಷ್ಟ್ರೀಯ ಅಡಿಗೂ ಇರುವ ಅಂತರ ಹತ್ತು ಲಕ್ಷದಲ್ಲಿ ಕೇವಲ 2 ಭಾಗ. ಆದರೆ ಅರವತ್ತು ಲಕ್ಷ ಅಡಿಯ ನಿರ್ದೇಶಾಂಕದಲ್ಲಿ (ನಕ್ಷೆಯ ಮೂಲಬಿಂದುವಿನಿಂದ ಎಣಿಸಿದ ಸ್ಥಾನಸಂಖ್ಯೆಯಲ್ಲಿ) ಅದೇ 12 ಅಡಿಯಾಗುತ್ತದೆ, ಅಷ್ಟು ಸರಿದರೆ ಸೇತುವೆಯ ಕಂಬ ರಸ್ತೆಯ ನಡುವೆ ಬಂದು ನಿಂತೀತು! ಡ್ರೋನ್ ಸಮೀಕ್ಷೆಯಲ್ಲೂ ಅಷ್ಟೇ: ಸ್ಥಾನವನ್ನು ನಿಖರವಾಗಿ ಅಳೆದ ನೆಲದ ನಿಯಂತ್ರಣ ಬಿಂದುಗಳನ್ನು ಎಲ್ಲಿಡಬೇಕು, ಲೆಕ್ಕದಲ್ಲಿ ಬಳಸದ ಬಿಂದುಗಳಿಂದ ಫಲಿತಾಂಶವನ್ನು ಹೇಗೆ ಪರೀಕ್ಷಿಸಬೇಕು ಎಂಬ ವಿವೇಚನೆಯನ್ನು ಯಂತ್ರ ಒದಗಿಸುವುದಿಲ್ಲ. ಹೊಸ ಉಪಕರಣದ ಹೆಸರನ್ನು ಪ್ರಶ್ನೆಯಲ್ಲಿ ಸೇರಿಸಿದ ಮಾತ್ರಕ್ಕೆ ಪರೀಕ್ಷೆ ಆಧುನಿಕವಾಗದು. ಅಂಕಗಳು ಈ ವಿವೇಚನೆಯತ್ತ ಸರಿಯಬೇಕು.

ಪರೀಕ್ಷೆಯ ಕಾನೂನಿನ ಭಾಗಕ್ಕೆ ಮಾತ್ರ ವಯಸ್ಸಾಗಿಲ್ಲ. 1982ಕ್ಕಿಂತ ಮೊದಲು ಅಲ್ಲಿ ಪರವಾನಗಿ ಪಡೆದ ಸಿವಿಲ್ ಎಂಜಿನಿಯರ್‌ಗಳು ಆಸ್ತಿಯ ಗಡಿಯನ್ನೂ ಗುರುತಿಸಬಹುದು. ನಂತರದವರಿಗೆ, ಭೂಮಾಪಕರ ಪ್ರತ್ಯೇಕ ಪರವಾನಗಿ ಇಲ್ಲದಿದ್ದರೆ, ಆ ಅಧಿಕಾರವಿಲ್ಲ. ಸೆಂಟಿಮೀಟರ್ ನಿಖರತೆಯ ರಿಸೀವರ್ ಯಾರ ಕೈಗಾದರೂ ಸಿಗುವ ಈ ಕಾಲದಲ್ಲಿ ತನ್ನ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂದು ಕೇಳುವ ಪ್ರಶ್ನೆಗಳನ್ನು ತೆಗೆಯಬಾರದು. ಅಭ್ಯರ್ಥಿಗಳೂ ಅವನ್ನು ಕೊನೆಯ ವಾರಕ್ಕೆ ಬಿಡಬಾರದು.