ಫೈನಲ್ ಫ್ಯಾಂಟಸಿ 14: ಪರಿಚಯದಲ್ಲಿ ಓದುವ ಜಾಬ್ ಬೇರೆ, ಕೈಗೆ ಸಿಗುವ ಜಾಬ್ ಬೇರೆ

ಫೈನಲ್ ಫ್ಯಾಂಟಸಿ 14 ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟ. ಅದರಲ್ಲಿ ನಮ್ಮ ಪಾತ್ರ ಹಿಡಿಯುವ ವೃತ್ತಿಯೇ ಜಾಬ್. ಕಥೆ, ಸಂಗೀತ, ಗ್ರಾಫಿಕ್ಸ್ ಇಲ್ಲಿ ವಿಷಯವಲ್ಲ. ಜಾಬ್ ಆರಿಸುವ ಮುಂಚೆ ಓದುವ ನಾಲ್ಕು ಸಾಲಿಗೂ ಆಮೇಲೆ ನೂರಾರು ಗಂಟೆ ಒತ್ತುವ ಬಟನ್‌ಗಳಿಗೂ ಇರುವ ಅಂತರವನ್ನಷ್ಟೇ ನೋಡೋಣ. ಆಟ 2013ರಲ್ಲಿ ಹೊಸ ರೂಪ ಪಡೆದಾಗಿನಿಂದ 2024ರ ಡಾನ್‌ಟ್ರೇಲ್ ವಿಸ್ತರಣೆಯವರೆಗೆ ಜಾಬ್‌ಗಳು ಪದೇ ಪದೇ ಬದಲಾಗಿವೆ. ಪರಿಚಯದ ಸಾಲುಗಳು ಮಾತ್ರ ಇವತ್ತಿಗೂ ಪಾತ್ರದ ಪುರಾಣವನ್ನೇ ಹೇಳುತ್ತವೆ, ಕೆಲಸವನ್ನಲ್ಲ.

ಹೀಲರ್, ಅಂದರೆ ತಂಡದವರನ್ನು ವಾಸಿ ಮಾಡುವ ಜಾಬ್ ಆದ ವೈಟ್ ಮೇಜ್ ನೋಡಿ. ಪರಿಚಯ ಓದಿದರೆ ದಿನವಿಡೀ ಗಾಯ ವಾಸಿ ಮಾಡುವ ಕೆಲಸ ಅನಿಸುತ್ತದೆ. ಆಟದ ಮೂಲ ಲಯ 2.5 ಸೆಕೆಂಡಿಗೆ ಒಂದು ಮಂತ್ರ, ಅಂದರೆ 30 ಸೆಕೆಂಡಿಗೆ 12. ಹೆಚ್ಚಿನ ಲೆವೆಲ್‌ನಲ್ಲಿ, ತಂಡ ಸರಿಯಾಗಿ ಆಡುತ್ತಿದ್ದರೆ, ಈ 12ರಲ್ಲಿ ಒಂದು ಡಯಾ, ಮಿಕ್ಕವು ಬಹುತೇಕ ಗ್ಲೇರ್. ಎರಡೂ ಶತ್ರುವಿಗೆ ಹೊಡೆಯುವ ಮಂತ್ರಗಳೇ. ವಾಸಿ ಮಾಡುವ ಕೆಲಸದ ಬಹುಪಾಲು ನಡುವಿನ ಸಂದಿಯಲ್ಲಿ ಒತ್ತುವ ಕೂಲ್‌ಡೌನ್‌ಗಳಲ್ಲಿ (ಒಮ್ಮೆ ಬಳಸಿದರೆ ಮತ್ತೆ ಸಿಗಲು ಕಾಯಬೇಕಾದ ಸ್ಕಿಲ್‌ಗಳು) ಮತ್ತು ಯುದ್ಧದ ಹೊತ್ತಿನಲ್ಲಿ 20 ಸೆಕೆಂಡಿಗೊಂದರಂತೆ ಅರಳುವ, ವಾಸಿ ಮಾಡುವ ಮಂತ್ರಕ್ಕೆ ಖರ್ಚಾಗುವ ಲಿಲಿಗಳಲ್ಲಿ ಮುಗಿಯುತ್ತದೆ. ಲಿಲಿ ಮೂರಕ್ಕಿಂತ ಹೆಚ್ಚು ಸೇರುವುದಿಲ್ಲ. ಮೂರು ಖರ್ಚಾದರೆ ಅಫ್ಲೇಟಸ್ ಮಿಸರಿ ಎಂಬ ದೊಡ್ಡ ಹೊಡೆತ ಸಿಗುತ್ತದೆ. ಹಾಗಾಗಿ ಲಿಲಿ ಉಳಿಸಿಡುವುದು ಜಾಣತನವಲ್ಲ, ನಷ್ಟ. ಹೊಸಬರು ಮಾಡುವ ತಪ್ಪು ಇದೇ: ಎಲ್ಲರ ಎಚ್‌ಪಿ (ಜೀವಬಲ) ತುಂಬಿದ್ದರೂ ಕೈಕಟ್ಟಿ ಕಾಯುತ್ತಾರೆ. ಪರಿಚಯ ಓದಿಕೊಂಡು ಬಂದವರನ್ನು ಇದಕ್ಕೆ ಬೈಯುವ ಹಾಗೂ ಇಲ್ಲ.

ಶತ್ರುವಿನ ಏಟನ್ನು ತಮ್ಮ ಮೇಲೆ ಎಳೆದುಕೊಳ್ಳುವ ಟ್ಯಾಂಕ್‌ಗಳಲ್ಲಿ ಅದಲು ಬದಲು ಇನ್ನೂ ಸ್ವಾರಸ್ಯದ್ದು. ತನ್ನೊಳಗಿನ ಕತ್ತಲನ್ನೇ ಬಳಸಿ ದುರ್ಬಲರನ್ನು ಕಾಯುವವನು ಡಾರ್ಕ್ ನೈಟ್. ಇದನ್ನು ಓದಿದವರು ರಕ್ತ ಹೀರಿ ತಾನೇ ಚೇತರಿಸಿಕೊಳ್ಳುವ ಟ್ಯಾಂಕ್ ಎಂದು ಊಹಿಸುತ್ತಾರೆ. ಆ ಕೆಲಸ ಮಾಡುವುದು ವಾರಿಯರ್. 56ನೇ ಲೆವೆಲ್‌ನ ರಾ ಇಂಟ್ಯೂಷನ್ ಹಾಕಿಕೊಂಡು ಗುಂಪಿಗೆ ಕೊಡಲಿ ಬೀಸಿದರೆ, ಎಷ್ಟು ಶತ್ರುಗಳಿಗೆ ತಗುಲಿತೋ ಅಷ್ಟು ಪಾಲು ಎಚ್‌ಪಿ ವಾಪಸ್ ಬರುತ್ತದೆ. ಹೀಲರ್ ಬಿದ್ದರೂ ವಾರಿಯರ್ ನಿಂತಿರುತ್ತಾನೆ. ಡಾರ್ಕ್ ನೈಟ್‌ನ ಜೀವಾಳ ದ ಬ್ಲ್ಯಾಕೆಸ್ಟ್ ನೈಟ್. ಒಟ್ಟು 10,000 ಎಂಪಿಯಲ್ಲಿ (ಮಂತ್ರಬಲ) 3,000 ಕೊಟ್ಟರೆ, ಪೂರ್ಣ ಎಚ್‌ಪಿಯ ಕಾಲು ಭಾಗದಷ್ಟು ಬಲದ ಕವಚ 7 ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಕವಚ ಒಡೆದರೆ 3,000 ಎಂಪಿ ಬೇಡುವ ಒಂದು ಹೊಡೆತ ಪುಕ್ಕಟೆ. ಒಡೆಯದಿದ್ದರೆ ಆ ಎಂಪಿ ದಂಡ. ಆದ್ದರಿಂದ ಬಾಸ್ ಯಾವಾಗ ಜೋರಾಗಿ ಹೊಡೆಯುತ್ತಾನೆ ಎಂಬುದು ಬಾಯಿಪಾಠವಾಗಿರಬೇಕು. ಇದು ಲೆಕ್ಕಾಚಾರದ ಜಾಬ್, ಆವೇಶದ್ದಲ್ಲ. ಅದೂ ಈ ಸ್ಕಿಲ್ ಸಿಗುವುದು 70ರಲ್ಲಿ. ಅಲ್ಲಿಯವರೆಗೆ ಆಡಿ, ಇಷ್ಟೇನಾ ಎಂದು ಬಿಟ್ಟುಹೋದವರು ಜಾಬ್‌ನ ತಿರುಳನ್ನು ನೋಡಿಯೇ ಇರುವುದಿಲ್ಲ.

ಆಸ್ಟ್ರೋಲಾಜಿಯನ್ ಎಂದರೆ ನಕ್ಷತ್ರ, ಕಾರ್ಡು, ಅದೃಷ್ಟ. 2015ರಲ್ಲಿ ಇದು ನಿಜವೇ ಆಗಿತ್ತು. ಆರು ಕಾರ್ಡು, ಆರು ಬೇರೆ ಬೇರೆ ಫಲ, ಯಾವುದು ಬರುತ್ತದೋ ಗೊತ್ತಿಲ್ಲ. 2019ರಲ್ಲಿ ಆರೂ ಕಾರ್ಡು ಡ್ಯಾಮೇಜ್ ಹೆಚ್ಚಿಸುವ ಒಂದೇ ಕೆಲಸಕ್ಕೆ ಇಳಿದವು. ಡಾನ್‌ಟ್ರೇಲ್‌ನಲ್ಲಿ ಫಲಗಳು ಮತ್ತೆ ಬೇರೆಯಾದವು, ಆದರೆ ಅದೃಷ್ಟ ಹೋಯಿತು. ಒಮ್ಮೆ ಆಸ್ಟ್ರಲ್ ಡ್ರಾ, ಮುಂದಿನ ಸಲ ಅಂಬ್ರಲ್ ಡ್ರಾ, ಎರಡರಲ್ಲೂ ಬರುವ ಕಾರ್ಡುಗಳು ಮೊದಲೇ ನಿಗದಿ. ಬ್ಯಾಲೆನ್ಸ್ ಹತ್ತಿರದಿಂದ ಹೊಡೆಯುವವರಿಗೆ, ಸ್ಪಿಯರ್ ದೂರದಿಂದ ಹೊಡೆಯುವವರಿಗೆ. ತಪ್ಪು ಕೈಗೆ ಕೊಟ್ಟರೆ ಫಲ ಅರ್ಧ. ಭವಿಷ್ಯ ಹೇಳುವವನಲ್ಲ, ರೇಷನ್ ಹಂಚುವವನು.

ಸಮ್ಮನರ್ ಬಗ್ಗೆ ಹೇಳುವುದು ಕಡಿಮೆ. ಇದು ದೇವತೆಗಳನ್ನು ಕರೆಯುವ ಜಾಬ್, ಆದರೆ ಕರೆದವರಲ್ಲಿ ಕೆಲವರು ಒಂದು ಹೊಡೆತ ಹೊಡೆದು ಮಾಯ, ಮಿಕ್ಕವರೂ ಕೆಲವೇ ಸೆಕೆಂಡ್ ನಿಲ್ಲುತ್ತಾರೆ. ಜೊತೆಗೇ ಇರುವ ಪುಟ್ಟ ಪ್ರಾಣಿ ಕಾರ್ಬಂಕಲ್ 2021ರಿಂದ ತಾನಾಗಿ ಹೊಡೆಯುವುದೂ ಇಲ್ಲ, ಅಂದಕ್ಕೆ ಓಡಾಡುತ್ತದೆ. ಪ್ರಾಣಿಪಡೆ ಸಾಕುವ ಆಸೆಯಿದ್ದರೆ ಇದು ಬೇಡ. ಒಂದು ಲಾಭವುಂಟು: ಆರ್ಕನಿಸ್ಟ್ ಎಂಬ ಆರಂಭದ ಕ್ಲಾಸಿನಿಂದ ಸಮ್ಮನರ್, ಸ್ಕಾಲರ್ ಎರಡೂ ಹುಟ್ಟುವುದರಿಂದ ಒಂದರ ಲೆವೆಲ್ ಏರಿಸಿದರೆ ಇನ್ನೊಂದೂ ಏರುತ್ತದೆ. ಆದರೆ ಸ್ಕಾಲರ್ ಹೀಲರ್, ಅದಕ್ಕೆ ಉಡುಪು ಬೇರೆಯೇ ಬೇಕು.

ನಿಂಜಾ ಕತ್ತಲಲ್ಲಿ ಅಡಗಿ ಇರಿಯುವವನಲ್ಲ. ಅಡಗುವ ಹೈಡ್ ಸ್ಕಿಲ್ ಯುದ್ಧದ ನಡುವೆ ಕೆಲಸವನ್ನೇ ಮಾಡುವುದಿಲ್ಲ. ಬಹುತೇಕರು ಅದನ್ನು ಬಳಸುವುದು ಬಾಸ್ ಮುಂದೆ ನಿಲ್ಲುವ ಮುಂಚೆ ಮುದ್ರೆಗಳನ್ನು ಮತ್ತೆ ತುಂಬಿಸಿಕೊಳ್ಳಲು. ನಿಜವಾದ ಕೆಲಸ ಟೆನ್, ಚಿ, ಜಿನ್ ಎಂಬ ಮೂರು ಮುದ್ರೆಗಳ ಜೋಡಣೆ. ಟೆನ್-ಚಿ ಒತ್ತಿದರೆ ಮಿಂಚು, ಟೆನ್-ಚಿ-ಜಿನ್ ಒತ್ತಿದರೆ ನೀರಿನ ಸುಯ್ಟಾನ್. ಬೆರಳು ತಪ್ಪಿ ಒಂದೇ ಮುದ್ರೆ ಎರಡು ಸಲ ಬಿದ್ದರೆ ತಲೆಯ ಮೇಲೊಂದು ಮೊಲ ಕೂರುತ್ತದೆ, ತಂಡವೆಲ್ಲ ನೋಡುತ್ತದೆ.

ನಮ್ಮ ಕಡೆಯಿಂದ ಆಡುವವರಿಗೆ ಯಾವ ಪರಿಚಯವೂ ಹೇಳದ ಇನ್ನೊಂದು ಸಂಗತಿ ಪಿಂಗ್, ಅಂದರೆ ಒತ್ತಿದ್ದು ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಸರ್ವರ್‌ಗಳಿರುವುದು ಜಪಾನ್, ಉತ್ತರ ಅಮೆರಿಕ, ಯೂರೋಪ್ ಮತ್ತು 2022ರಿಂದ ಓಷಿಯಾನಿಯಾದಲ್ಲಿ, ಭಾರತದಲ್ಲಿಲ್ಲ. ಬಂದೂಕು ಹಿಡಿಯುವ ಮೆಷಿನಿಸ್ಟ್ ಕೂಡಿಟ್ಟ 50 ಹೀಟ್ ಕೊಟ್ಟು ಹೈಪರ್‌ಚಾರ್ಜ್ ಹಾಕಿದರೆ ಐದು ಹೊಡೆತಗಳು 1.5 ಸೆಕೆಂಡಿಗೊಂದರಂತೆ ಹೋಗಬೇಕು, ಪ್ರತಿ ಎರಡರ ನಡುವೆ ಇನ್ನೊಂದು ಸ್ಕಿಲ್ ತುರುಕಬೇಕು. ಪಿಂಗ್ ಹೆಚ್ಚಾದಷ್ಟೂ ನಡುವಿನ ಸ್ಕಿಲ್ ಮುಗಿಯುವುದು ತಡವಾಗಿ, ಮುಂದಿನ ಹೊಡೆತ ಹಿಂದೆ ಬೀಳುತ್ತದೆ. ನಿಂಜಾ ಮುದ್ರೆಗಳಿಗೂ ಇದೇ ಗತಿ. ವೈಟ್ ಮೇಜ್, ಸಮ್ಮನರ್ ತರಹದ ನಿಧಾನ ಲಯದವು ದೂರದ ಸರ್ವರ್‌ನಲ್ಲೂ ನೆಮ್ಮದಿಯಾಗಿ ನಡೆಯುತ್ತವೆ.

ಆರಿಸುವ ಮುಂಚೆ ಆಟದ ಅಧಿಕೃತ ತಾಣದ ಜಾಬ್ ಗೈಡ್‌ನಲ್ಲಿ ಪರಿಚಯ ಬಿಟ್ಟು ಕೆಳಗಿನ ಪಟ್ಟಿಗೆ ಹೋಗಿ. ರೀಕ್ಯಾಸ್ಟ್ (ಮತ್ತೆ ಒತ್ತಲು ಕಾಯಬೇಕಾದ ಸಮಯ) 2.5 ಸೆಕೆಂಡ್ ಇರುವ ಸ್ಕಿಲ್‌ಗಳೇ ನಿಮ್ಮ ದಿನನಿತ್ಯ. 120 ಸೆಕೆಂಡ್ ಇರುವವು ತಂಡದ ಎಲ್ಲರೂ ಒಟ್ಟಿಗೆ ಹೊಡೆಯುವ ಹೊತ್ತಿಗೆ. ಜಾಬ್‌ಗೆ ಹೆಸರು ತಂದ ಸ್ಕಿಲ್ ಯಾವ ಲೆವೆಲ್‌ನಲ್ಲಿದೆ ನೋಡಿ. ಹಳೆಯ ಡಂಜನ್‌ಗೆ ಹೋದರೆ ಲೆವೆಲ್ ಇಳಿಯುವುದರಿಂದ ಆ ಸ್ಕಿಲ್ ಮತ್ತೆ ಮರೆಯಾಗುತ್ತದೆ ಎಂಬುದೂ ನೆನಪಿರಲಿ. ಒಂದೇ ಪಾತ್ರದಲ್ಲಿ ಎಲ್ಲ ಜಾಬ್ ಕಲಿಯಬಹುದಾದ್ದರಿಂದ ತಪ್ಪು ಆಯ್ಕೆಗೆ ಹೊಸ ಪಾತ್ರ ಬೇಕಿಲ್ಲ. 70ರವರೆಗಿನ ಉಚಿತ ಟ್ರಯಲ್‌ನಲ್ಲಿ ಸಮುರಾಯ್, ರೆಡ್ ಮೇಜ್ ಕೂಡ ಸಿಗುತ್ತವೆ. ರೀಪರ್, ಸೇಜ್, ವೈಪರ್ ತರಹ ಆಮೇಲೆ ಬಂದ ಜಾಬ್‌ಗಳು ಬೇಕೆಂದರೆ ಹಣ ಕೊಡಬೇಕು, ಮತ್ತು ಒಮ್ಮೆ ಕೊಟ್ಟ ಖಾತೆ ಟ್ರಯಲ್‌ಗೆ ಮರಳುವುದಿಲ್ಲ.