ಯಾವ ರೈಲೂ ತಪ್ಪಿಹೋಗದ ಟಿಕೆಟ್

2025ರ ಜೂನ್‌ನಲ್ಲಿ ಜರ್ಮನಿಯ ಟ್ಯೂಬಿಂಗನ್‌ಗೆ ಹೋಗಿ ಬಂದೆ, ಹದಿಮೂರು ವರ್ಷದ ಮೇಲೆ. 2011-12ರಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಎರಡು ಸೆಮಿಸ್ಟರ್ ಕಳೆದ ಊರು ಅದು. ಅಲ್ಲಿ ನನಗೆ ತೀರಾ ಹತ್ತಿರವಾದವರು ಮೂವರು. ಒಂದೇ ಅಡುಗೆಮನೆ ಹಂಚಿಕೊಂಡ ಗೆಳತಿ. ನನ್ನ ಜರ್ಮನ್ ತಿದ್ದಿ, ನನ್ನಿಂದ ಇಂಗ್ಲಿಷ್ ತಿದ್ದಿಸಿಕೊಳ್ಳುತ್ತಿದ್ದ ಗೆಳೆಯ. ಮೊದಲ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ಸಿಗದಿದ್ದಾಗ ಅದೇ ಊರಿನ ಲುಸ್ಟ್‌ನೌ ಬಡಾವಣೆಯ ತಮ್ಮ ಮನೆಯ ಮಹಡಿಯ ಕೋಣೆ ಬಿಟ್ಟುಕೊಟ್ಟ ಅಜ್ಜಿ. ಗೆಳತಿ ಟ್ಯೂಬಿಂಗನ್‌ನಲ್ಲೇ ಉಳಿದಿದ್ದಾಳೆ. ಗೆಳೆಯ ಮದುವೆಯಾಗಿ ಉಲ್ಮ್ ಸೇರಿದ್ದಾನೆ. ಅಜ್ಜಿಗೆ ಎಂಬತ್ತೊಂದು ವರ್ಷ. ಲುಸ್ಟ್‌ನೌದ ಮನೆ ಮಾರಿ ರೊಟನ್‌ಬುರ್ಗ್‌ನಲ್ಲಿ ಮಗಳ ಮನೆಯ ಪಕ್ಕದಲ್ಲಿದ್ದಾರೆ. ಮೂವರ ಮನೆಗೂ ನಾನು ಓಡಾಡಿದ್ದು ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಒಂದೇ ಪಾಸಿನಲ್ಲಿ. ಹಳೆ ಸ್ನೇಹಿತರನ್ನು ನೋಡಲು ಜರ್ಮನಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಟಿಕೆಟ್ ನನಗೆ ಗೊತ್ತಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಇದು ಇಡೀ ದೇಶಕ್ಕೆ ಒಂದೇ ಮಂತ್ಲಿ ಪಾಸ್. ಊರೊಳಗಿನ ಬಸ್ಸು, ಟ್ರಾಮ್, ಮೆಟ್ರೋ, ಎಸ್-ಬಾನ್ ಎಂಬ ಉಪನಗರ ರೈಲು, ಊರಿಂದೂರಿಗೆ ಓಡುವ ಪ್ರಾದೇಶಿಕ ರೈಲು, ಎಲ್ಲದರಲ್ಲೂ ಎರಡನೇ ದರ್ಜೆಯಲ್ಲಿ ನಡೆಯುತ್ತದೆ. ವೇಗದ ಐಸಿಇ, ಐಸಿ, ಇಸಿ ರೈಲುಗಳಲ್ಲಿ ನಡೆಯುವುದಿಲ್ಲ. 2022ರ ಬೇಸಿಗೆಯಲ್ಲಿ ಮೂರು ತಿಂಗಳ ಮಟ್ಟಿಗೆ 9 ಯೂರೋ ಟಿಕೆಟ್ ಅಂತ ಒಂದು ಬಂದಿತ್ತು. ಅದರ ಬೆನ್ನಿಗೆ 2023ರ ಮೇ 1ರಿಂದ ಇದು ಶುರುವಾಯಿತು, ತಿಂಗಳಿಗೆ 49 ಯೂರೋ. ನಾನು ಹೋದಾಗ 58 ಆಗಿತ್ತು. 2026ರ ಜನವರಿಯಿಂದ 63.

ನಾನು ಓದುತ್ತಿದ್ದಾಗ ಇದೆಲ್ಲ ಹೇಗಿತ್ತು ಅಂತ ಹೇಳದೆ ಹೋದರೆ ಈ ಟಿಕೆಟ್ಟಿನ ಬೆಲೆ ತಿಳಿಯುವುದಿಲ್ಲ. ನಮಗೆ ಸೆಮಿಸ್ಟರ್ ಪಾಸ್ ಇತ್ತು, ಆದರೆ ಅದು ನಾಲ್ಡೋ ಸಾರಿಗೆ ವಲಯದ ಗಡಿಯವರೆಗೆ ಮಾತ್ರ. ಸ್ಟುಟ್‌ಗಾರ್ಟ್ ಒಂದು ಗಂಟೆಯ ದಾರಿಯಾದರೂ ಬೇರೆ ವಲಯ, ಬೇರೆ ದುಡ್ಡು. ಹೋಗಬೇಕೆಂದರೆ ಐದು ಜನ ಒಟ್ಟು ಸೇರಬೇಕು, ಬಾಡನ್-ವ್ಯುರ್ಟೆಂಬೆರ್ಗ್ ರಾಜ್ಯದ ಒಂದು ದಿನದ ಗುಂಪು ಟಿಕೆಟ್ ಕೊಳ್ಳಬೇಕು, ವಾರದ ದಿನವಾದರೆ ಬೆಳಿಗ್ಗೆ ಒಂಬತ್ತು ಹೊಡೆಯುವವರೆಗೆ ಪ್ಲಾಟ್‌ಫಾರ್ಮ್‌ನಲ್ಲಿ ಕಾಯಬೇಕು. ಐದನೆಯವರು ಕೈಕೊಟ್ಟರೆ ಎಲ್ಲರ ಪಾಲೂ ಏರುತ್ತಿತ್ತು. ದೂರದ ಊರಿಗಾದರೆ ಮುಂಗಡ ಕಾದಿರಿಸಿದ ಅಗ್ಗದ ಟಿಕೆಟ್ಟು. ಅದರಲ್ಲಿ ಬರೆದಿರುವ ರೈಲಿಗೆ ಮಾತ್ರ ಅದು ಟಿಕೆಟ್ಟು, ರೈಲು ಹೋದರೆ ದುಡ್ಡೂ ಹೋಯಿತು.

2012ರ ಜುಲೈ ಕೊನೆಯಲ್ಲಿ ನಾನು ಅಲ್ಲಿಂದ ಹೊರಟಿದ್ದು ಅಂಥ ಟಿಕೆಟ್ಟಿನಲ್ಲೇ. ಹೊರಡುವ ದಿನ ಲುಸ್ಟ್‌ನೌಗೆ ಹೋಗಿದ್ದೆ. ಅಜ್ಜಿ ಕಾಫಿ ಇಟ್ಟರು. ಅಜ್ಜ ತೋಟದಿಂದ ಟ್ರೊಯ್ಬ್ಲೆ ಕಿತ್ತು ತರುತ್ತೇನೆ ಅಂತ ಬುಟ್ಟಿ ಹಿಡಿದು ಹೋದರು. ಟ್ರೊಯ್ಬ್ಲೆ ಅಂದರೆ ಗೊಂಚಲು ಗೊಂಚಲಾಗಿ ಬಿಡುವ ಹುಳಿ ಕೆಂಪು ಹಣ್ಣು. ಶ್ವಾಬಿಯಾ ಸೀಮೆಯ ಮಾತಿನಲ್ಲಿ ಅದಕ್ಕೆ ಆ ಹೆಸರು. ಅವರು ಬರುವಷ್ಟರಲ್ಲಿ ನನಗೆ ಹೊತ್ತಾಯಿತು. ಅರ್ಧ ಕಾಫಿ ಬಿಟ್ಟು ಬಸ್ಸಿಗೆ ಓಡಿದೆ. ಅಜ್ಜನಿಗೆ ಬರುತ್ತೇನೆ ಅಂತ ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು.

ಈ ಸಲ ಟಿಕೆಟ್ ತೆಗೆದುಕೊಳ್ಳುವುದು ಮೊದಲಿಗೆ ಸ್ವಲ್ಪ ಕಷ್ಟವಾಯಿತು. ಎಷ್ಟೋ ಕಡೆ ಯುರೋಪಿನ ಬ್ಯಾಂಕ್ ಖಾತೆ ಕೇಳುತ್ತಾರೆ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಆ್ಯಪ್ ಯಾವುದೆಂದು ಉಲ್ಮ್‌ನ ಗೆಳೆಯ ಹುಡುಕಿ ಹೇಳಿದ. ಅವನೇ ಇನ್ನೊಂದು ಮಾತು ಹೇಳಿದ, ಅದು ತುಂಬ ಮುಖ್ಯ. ಪಾಸು ಲೆಕ್ಕಕ್ಕೆ ಬರುವುದು ಕ್ಯಾಲೆಂಡರ್ ತಿಂಗಳಿನಿಂದ, ಕೊಂಡ ದಿನದಿಂದ ಮೂವತ್ತು ದಿನ ಅಂತಲ್ಲ. ನಾನು ಮೇ 28ಕ್ಕೆ ಹೊರಡುವವಳಿದ್ದೆ. ಹಾಗೆ ಹೋಗಿದ್ದರೆ ನಾಲ್ಕು ದಿನಕ್ಕೊಂದು ಪಾಸು, ಉಳಿದದ್ದಕ್ಕೆ ಇನ್ನೊಂದು ಪಾಸು. ಜೂನ್ 2ಕ್ಕೆ ಇಳಿದು 24ಕ್ಕೆ ಹೊರಡುವ ಹಾಗೆ ದಿನ ಬದಲಿಸಿದೆ. ಒಂದೇ ತಿಂಗಳಲ್ಲಿ ಮುಗಿಯಿತು. ಮತ್ತೆ, ಇದು ತಾನಾಗಿ ನಿಲ್ಲುವ ಪಾಸಲ್ಲ. ಚಂದಾದ ಹಾಗೆ ಮುಂದಿನ ತಿಂಗಳಿಗೂ ದುಡ್ಡು ಕತ್ತರಿಸುತ್ತದೆ. ಆ ತಿಂಗಳ ಕೊನೆಗೆ ನಿಲ್ಲಬೇಕಾದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ನಾನು ಬಂದಿಳಿದ ರಾತ್ರಿಯೇ ರದ್ದು ಮಾಡಿಟ್ಟೆ; ರದ್ದು ಮಾಡಿದರೂ ತಿಂಗಳು ಮುಗಿಯುವವರೆಗೆ ನಡೆಯುತ್ತದೆ. ಊರಿಗೆ ವಾಪಸ್ ಬಂದು ಮಾಡೋಣ ಅಂತ ಬಿಡಬೇಡಿ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಟ್ಯೂಬಿಂಗನ್‌ಗೆ ಐಸಿಇ ಹಿಡಿದರೆ ಬೇಗ ಮುಟ್ಟಬಹುದು. ನಾನು ನಿಧಾನದ ರೈಲುಗಳಲ್ಲೇ ಹೋದೆ: ಎಸ್-ಬಾನ್ ಹಿಡಿದು ಪಟ್ಟಣದ ದೊಡ್ಡ ಸ್ಟೇಷನ್, ಅಲ್ಲಿಂದ ಡಾರ್ಮ್‌ಷ್ಟಾಟ್ ಮೇಲೆ ಹೈಡೆಲ್‌ಬೆರ್ಗ್, ಬ್ರುಖ್‌ಸಾಲ್, ಸ್ಟುಟ್‌ಗಾರ್ಟ್, ಕೊನೆಗೆ ಟ್ಯೂಬಿಂಗನ್. ಐದು ಗಂಟೆಗೂ ಮಿಕ್ಕಿತು. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರಿಗೆ, ದೊಡ್ಡ ಪೆಟ್ಟಿಗೆ ಇರುವವರಿಗೆ ಇದನ್ನು ಮಾಡಿ ಅಂತ ನಾನು ಹೇಳುವುದಿಲ್ಲ. ಸ್ಟುಟ್‌ಗಾರ್ಟ್ ಸ್ಟೇಷನ್ ನಾನು ಓದುವಾಗಲೇ ಒಡೆದು ಕಟ್ಟುತ್ತಿದ್ದರು, ಈಗಲೂ ಕೆಲಸ ನಡೆದಿದೆ; ರೈಲು ಬದಲಿಸುವಾಗ ನಡಿಗೆ ಉದ್ದ. ಮೊದಲ ದಿನ ಮಾತ್ರ ಬೇರೆ ಟಿಕೆಟ್ ತೆಗೆದು ಐಸಿಇಯಲ್ಲಿ ಹೋಗಿ, ಮಾರನೆಯ ದಿನದಿಂದ ಪಾಸು ಬಳಸಿ ಎನ್ನುವುದೇ ನನ್ನ ಸಲಹೆ.

ನನಗೆ ಮಾತ್ರ ಆ ನಿಧಾನವೇ ಬೇಕಿತ್ತು. ಸ್ಟುಟ್‌ಗಾರ್ಟ್ ಬಿಟ್ಟ ಮೇಲೆ ರೈಲು ನೆಕ್ಕರ್ ನದಿಯ ಮಗ್ಗುಲಲ್ಲೇ ಎಸ್ಲಿಂಗನ್ ದಾಟುತ್ತದೆ, ಬೆಟ್ಟದ ಇಳಿಜಾರಿನ ದ್ರಾಕ್ಷಿ ತೋಟ ಕಿಟಕಿಯವರೆಗೆ ಬರುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ, 1881ರಲ್ಲಿ ತೀರಿಕೊಂಡದ್ದು ಈ ಎಸ್ಲಿಂಗನ್‌ನಲ್ಲಿ. 1894ರ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, 1903ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಆ ಊರಲ್ಲೇ. ವಿದ್ಯಾರ್ಥಿಯಾಗಿದ್ದಾಗ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ವರ್ಷವಿಡೀ ಅದೇ ಬೀದಿಗಳಲ್ಲಿ ಕನ್ನಡ ಮಾತಾಡುವವರು ಒಬ್ಬರೂ ಇಲ್ಲ ಅಂತ ಕೊರಗಿದ್ದೆ. ಈ ಸಲ ರೈಲು ಎಸ್ಲಿಂಗನ್‌ನಲ್ಲಿ ನಿಂತ ಒಂದು ನಿಮಿಷ, ಬೋರ್ಡಿನ ಮೇಲಿನ ಹೆಸರನ್ನು ನೋಡುತ್ತ ಕೂತಿದ್ದೆ.

ಟ್ಯೂಬಿಂಗನ್‌ನಲ್ಲಿ ಗೆಳತಿ ಸ್ಟೇಷನ್‌ಗೆ ಬಂದಿದ್ದಳು. ಯಾವ ರೈಲಿಗೆ ಬರುತ್ತೀ ಅಂತ ಮೊದಲೇ ಕೇಳಿದ್ದಳು. ಯಾವುದು ಸಿಕ್ಕರೆ ಅದಕ್ಕೆ ಅಂತ ಬರೆದಿದ್ದೆ. ಸೀದಾ ನೆಕ್ಕರ್ ಸೇತುವೆ ದಾಟಿ ನದಿ ದಂಡೆಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತೆವು, ಹಿಂದೆ ಕೂರುತ್ತಿದ್ದ ಹಾಗೇ, ಕೈಯಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್. ಕೆಳಗೆ ಉದ್ದ ಗಳು ಊರಿ ನಡೆಸುವ ಶ್ಟೋಖರ್‌ಕಾನ್ ದೋಣಿಗಳು. ಆಚೆ ಹೋಲ್ಡರ್ಲಿನ್ ಕವಿ 1807ರಿಂದ ಸಾಯುವವರೆಗೆ ಮೂವತ್ತಾರು ವರ್ಷ ಬದುಕಿದ ಹಳದಿ ಗೋಪುರ. ಊರು ಎಷ್ಟು ಬದಲಾಗಿದೆ, ಎಷ್ಟು ಇಲ್ಲ ಅನ್ನುವುದನ್ನು ಬರೆಯುತ್ತ ಹೋದರೆ ಬೇರೆಯೇ ಬರಹವಾಗುತ್ತದೆ. ಪಾಸಿನ ಮಾತಿಗೆ ಸಂಬಂಧಪಟ್ಟದ್ದು ಇಷ್ಟು: ಆಕೆ ಈಗ ಇರುವ ಗುಡ್ಡದ ಮೇಲಿನ ಮನೆಗೆ ದಿನಕ್ಕೆ ಮೂರು ಸಲ ಬಸ್ಸು ಹತ್ತಿ ಇಳಿದರೂ ಒಮ್ಮೆಯೂ ಚಿಲ್ಲರೆ ಹುಡುಕಲಿಲ್ಲ. ಮಳೆ ಬಂದರೆ ಒಂದೇ ಸ್ಟಾಪಿಗೂ ಬಸ್ಸು ಹತ್ತಿದೆ.

ಉಲ್ಮ್‌ಗೆ ಹೋಗುವಾಗ ಪ್ಲೋಖಿಂಗನ್‌ನಲ್ಲಿ ರೈಲು ಬದಲಿಸಬೇಕು. ಐಸಿಇಗಳು ಈಗ 2022ರ ಡಿಸೆಂಬರ್‌ನಲ್ಲಿ ತೆರೆದ ಹೊಸ ಹಳಿಯಲ್ಲಿ ಸುರಂಗದೊಳಗಿಂದ ಹೋಗಿಬಿಡುತ್ತವೆ. ನಾನು ಹತ್ತಿದ ಪ್ರಾದೇಶಿಕ ರೈಲು ಗೈಸ್ಲಿಂಗನ್ ಏರಿನ ಹಳೆಯ ದಾರಿಯಲ್ಲಿ, ಕಾಡಿನ ಕಡಿದಾದ ಮಗ್ಗುಲು ಹಿಡಿದು, ಶ್ವಾಬಿಯನ್ ಆಲ್ಬ್ ಬೆಟ್ಟ ಹತ್ತುತ್ತದೆ. ಎಂಜಿನ್ನಿನ ಸದ್ದು ಬದಲಾಗುವುದು ಕಿವಿಗೇ ತಿಳಿಯುತ್ತದೆ. ಸ್ಟೇಷನ್ನಿನಲ್ಲಿ ಗೆಳೆಯನ ಇಬ್ಬರು ಮಕ್ಕಳು ಕಾಗದದ ಮೇಲೆ ನನ್ನ ಹೆಸರು ಬರೆದು ಹಿಡಿದು ನಿಂತಿದ್ದವು. 161 ಮೀಟರಿನ ಮ್ಯುನ್‌ಸ್ಟರ್ ಚರ್ಚಿನ ಗೋಪುರದ ಬುಡದಲ್ಲಿ ಕೂತು ಹದಿಮೂರು ವರ್ಷದ ಮಾತು ಆಡಿದೆವು. ಎಷ್ಟು ಗಂಟೆಗೆ ಹೊರಡಬೇಕು ಅಂತ ಅವನ ಹೆಂಡತಿ ಕೇಳಿದಾಗ, ನಿಮಗೆ ಬೇಜಾರಾದಾಗ ಅಂದೆ. ರಾತ್ರಿ ಊಟಕ್ಕೆ ಮೌಲ್‌ಟಾಶನ್, ಅಂದರೆ ಒಳಗೆ ಹೂರಣ ತುಂಬಿದ ಹಿಟ್ಟಿನ ಕಡುಬು, ಮಾಡಿದರು. ಐದಕ್ಕೆ ಹೊರಡುತ್ತೇನೆ ಅಂದುಕೊಂಡಿದ್ದವಳು ಹೊರಟಾಗ ಏಳು ದಾಟಿತ್ತು.

ಆ ಸಂಜೆ ಒಂದು ತೊಂದರೆಯೂ ಆಯಿತು. ಪ್ಲೋಖಿಂಗನ್‌ನಲ್ಲಿ ಇಳಿದರೆ ಬೋರ್ಡಿನ ಮೇಲೆ ಟ್ಯೂಬಿಂಗನ್ ರೈಲಿನ ಮುಂದೆ 'ಫೆಲ್ಟ್ ಔಸ್', ಅಂದರೆ ರದ್ದು. ಅದರ ಮುಂದಿನದೂ ರದ್ದು. ದಾರಿಯಲ್ಲಿ ಸಿಗ್ನಲ್ ಕೆಟ್ಟಿದೆ ಅಂತ ಮೈಕಿನಲ್ಲಿ ಹೇಳಿದರು, ಬದಲಿ ದಾರಿ ಯಾವುದೆಂದು ಹೇಳಲಿಲ್ಲ. ಹೊತ್ತಾಗುತ್ತಿದೆ, ಕಾಯುತ್ತಿರುವವರ ಮುಖದಲ್ಲೆಲ್ಲ ಕಿರಿಕಿರಿ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನ ಫೋನ್ ನೋಡಿ, 'ಡಾಯ್ಚ್‌ಲಾಂಡ್ ಟಿಕೆಟ್ ಇದೆಯಲ್ಲ, ಎಸ್1 ಹತ್ತಿ' ಅಂದರು. ಎಸ್1 ಅನ್ನುವ ಎಸ್-ಬಾನ್ ಪ್ಲೋಖಿಂಗನ್‌ನಿಂದ ಸ್ಟುಟ್‌ಗಾರ್ಟ್ ಹೊಕ್ಕು ಹೊರಬಿದ್ದು ಹೆರೆನ್‌ಬೆರ್ಗ್‌ವರೆಗೆ ಹೋಗುತ್ತದೆ. ಅಲ್ಲಿಂದ ಆಮರ್ ಕಣಿವೆಯ ಪುಟ್ಟ ರೈಲು ಟ್ಯೂಬಿಂಗನ್‌ಗೆ. ಸುತ್ತು ದಾರಿ, ಆದರೆ ದಾರಿ. ಮಾಮೂಲಿ ಟಿಕೆಟ್ ಇದ್ದಿದ್ದರೆ ಈ ಸುತ್ತಿಗೆ ಅದು ನಡೆಯುತ್ತದೋ ಇಲ್ಲವೋ ಅಂತ ಕೌಂಟರ್ ಹುಡುಕಬೇಕಾಗಿತ್ತು. ನಾನು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ಹತ್ತಿದೆ, ಅಷ್ಟೇ. ಜೂನ್‌ನ ಬೆಳಕು ಒಂಬತ್ತೂವರೆಯವರೆಗೂ ಇರುತ್ತದೆ. ಹೆರೆನ್‌ಬೆರ್ಗ್‌ನಿಂದ ಹೊರಟಾಗ ಆಕಾಶದಲ್ಲಿ ಅದು ಇನ್ನೂ ಒಂದಿಷ್ಟು ಉಳಿದಿತ್ತು.

ಕೊರತೆಗಳೂ ಇವೆ. ಸೀಟು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಶುಕ್ರವಾರ ಮಧ್ಯಾಹ್ನ ಸ್ಟುಟ್‌ಗಾರ್ಟ್‌ನಿಂದ ನಿಂತೇ ಬಂದೆ. ಆರು ವರ್ಷ ತುಂಬಿದ ಮಕ್ಕಳಿಗೆ ಬೇರೆ ಟಿಕೆಟ್ ಬೇಕು. ಪಾಸು ನಿಮ್ಮ ಹೆಸರಿಗೆ, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಚೆಕಿಂಗ್‌ನವರು ಎರಡು ಸಲ ಪಾಸ್‌ಪೋರ್ಟ್ ಕೇಳಿದರು. ಎಲ್ಲಕ್ಕಿಂತ ಹೆದರಿಕೆಯದು ಫೋನ್ ಬ್ಯಾಟರಿ. ಟಿಕೆಟ್ ತೋರಿಸಲಾಗದವರನ್ನು ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಹಿಡಿಯುತ್ತಾರೆ, ಅದಕ್ಕೆ ದಂಡ 60 ಯೂರೋ. ಉಲ್ಮ್‌ನಿಂದ ಬಂದ ಆ ಸಂಜೆ ನನ್ನ ಫೋನ್ ನಾಲ್ಕು ಪರ್ಸೆಂಟಿಗೆ ಇಳಿದಿತ್ತು. ಅಲ್ಲಿಂದ ಮುಂದೆ ಪವರ್‌ಬ್ಯಾಂಕ್ ಇಲ್ಲದೆ ಮನೆ ಬಿಡಲಿಲ್ಲ. ಒಂದು ವಾರ ಮಾತ್ರ ಇರುವವರು, ಒಂದೇ ಊರಲ್ಲಿ ಉಳಿಯುವವರು ಲೆಕ್ಕ ಹಾಕಿ ನೋಡಿ. ಅವರಿಗೆ ಬಿಡಿ ಟಿಕೆಟ್ಟೇ ಸಾಕಾಗಬಹುದು.

ರೊಟನ್‌ಬುರ್ಗ್‌ಗೆ ಹೋದದ್ದು ಹೊರಡುವ ಹಿಂದಿನ ದಿನ. ಟ್ಯೂಬಿಂಗನ್‌ನಿಂದ ರೈಲಿನಲ್ಲಿ ಹತ್ತು ನಿಮಿಷದ ದಾರಿ. ಅಜ್ಜಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು 'ಬಂದೆಯಾ' ಅಂದರು. ಲುಸ್ಟ್‌ನೌದ ಮನೆಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಅವರು ನನ್ನನ್ನು 'ಜೀ' ಅಂತಲೇ ಕರೆಯುತ್ತಿದ್ದರು, ನಮ್ಮ 'ನೀವು' ಅದು. ಈಗ ಹೇಳದೆ ಕೇಳದೆ 'ಡೂ' ಆಗಿತ್ತು. ಎಂಬತ್ತರ ಹೆಂಗಸಿನ ಬಾಯಲ್ಲಿ ನೀನು ಅನ್ನಿಸಿಕೊಂಡದ್ದಕ್ಕೆ ನನ್ನ ಗಂಟಲು ಕಟ್ಟಿತು.

ಕಾಫಿಯ ಜೊತೆ ಟ್ರೊಯ್ಬ್ಲೆ ಕೇಕ್ ಇತ್ತು. ಮಗಳ ತೋಟದ ಹಣ್ಣು, ಗಿಡ ಮಾತ್ರ ಲುಸ್ಟ್‌ನೌದಿಂದ ಕಿತ್ತು ತಂದು ನೆಟ್ಟದ್ದು, ಅಜ್ಜ ನೆಟ್ಟ ಗಿಡವೇ ಅಂದರು. ಅವತ್ತು ಅಜ್ಜ ಬುಟ್ಟಿ ತುಂಬಿಕೊಂಡು ಬಂದು, ನನ್ನ ಕುರ್ಚಿ ಖಾಲಿ ಇದ್ದದ್ದು ನೋಡಿ, ಬುಟ್ಟಿಯನ್ನು ಮೇಜಿನ ಮೇಲಿಟ್ಟು ತಾವೂ ಕೂತುಬಿಟ್ಟರಂತೆ. ಆಮೇಲೆ ಅದೆಲ್ಲವನ್ನೂ ಜಾಮ್ ಮಾಡಿದರಂತೆ. ಕ್ಷಮಿಸಿ ಅಂದೆ. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

ಆರರ ಸುಮಾರಿಗೆ ಗೋಡೆಯ ಗಡಿಯಾರ ನೋಡಿದರು.

'ನಿನ್ನ ರೈಲು?'

'ಇನ್ನೊಂದಿದೆ, ಅರ್ಧ ಗಂಟೆ ಬಿಟ್ಟು.'

'ಅದೂ ಹೋದರೆ?'

'ಅದರ ಮುಂದಿನದು. ಎಲ್ಲದಕ್ಕೂ ಇದೇ ಟಿಕೆಟ್ಟು.'

ಅವರು ಎದ್ದು ಕಾಫಿ ಮತ್ತೆ ಒಲೆಗಿಟ್ಟರು.