ಊಟವೂ ಅಪ್ಸರಾ ನೃತ್ಯವೂ: ಕಾಂಬೋಡಿಯದ ಸಂಜೆ ಪ್ರದರ್ಶನಗಳ ಒಂದು ಹೋಲಿಕೆ

ಹಗಲೆಲ್ಲ ಅಂಕೋರ್ ವಾಟ್, ಬಯೋನ್, ತಾ ಪ್ರೋಮ್ ದೇವಾಲಯಗಳ ಗೋಡೆಗಳಲ್ಲಿ ಕಲ್ಲಿನ ನರ್ತಕಿಯರನ್ನು ನೋಡಿ ಸಿಯೆಮ್ ರೀಪ್ ಪಟ್ಟಣಕ್ಕೆ ಮರಳಿದ ಪ್ರವಾಸಿಗೆ, ಸಂಜೆ ಆ ನೃತ್ಯವನ್ನೇ ರಂಗದ ಮೇಲೆ ತೋರಿಸಿ ಊಟವನ್ನೂ ಬಡಿಸುತ್ತೇವೆ ಎಂಬ ಆಹ್ವಾನ ಹೋಟೆಲಿನ ಸ್ವಾಗತಕಾರರಿಂದ ಹಿಡಿದು ಟುಕ್‌ಟುಕ್ ಚಾಲಕನವರೆಗೆ ಎಲ್ಲರಿಂದಲೂ ಬರುತ್ತದೆ. ಎಲ್ಲರೂ ಹೇಳುವುದು ‘ಅಪ್ಸರಾ ಡಿನ್ನರ್ ಶೋ’ ಎಂಬ ಒಂದೇ ಹೆಸರಾದರೂ ಆ ಹೆಸರಿನಡಿ ಸಿಗುವ ಸಂಜೆಗಳು ಒಂದಕ್ಕೊಂದು ಬಹಳ ಬೇರೆ. ಬಫೆ ಊಟದ ದೊಡ್ಡ ಸಭಾಂಗಣ, ಪ್ರವಾಸಿಗಳು ನೆರೆಯುವ ಬೀದಿಯಾದ ಪಬ್ ಸ್ಟ್ರೀಟ್‌ನ ಮಹಡಿ ರೆಸ್ಟೋರೆಂಟು, ಕುಳಿತಲ್ಲೇ ಬಡಿಸುವ ಸಣ್ಣ ರಂಗಮಂದಿರ, ಈ ಮೂರನ್ನೂ ಸಿಯೆಮ್ ರೀಪ್‌ನಲ್ಲಿ ನೋಡಿದೆ. ರಾಜಧಾನಿ ನೋಮ್ ಪೆನ್‌ನಲ್ಲಿ ಊಟವಿಲ್ಲದ ಪ್ರದರ್ಶನವೊಂದನ್ನು ನೋಡಿ, ಊಟವನ್ನು ಬೇರೆ ಕಡೆ ಮಾಡಿದೆ. ಇವುಗಳನ್ನು ತೂಗಿ ನೋಡುವಾಗ ನನಗೆ ಮುಖ್ಯವೆನಿಸಿದ್ದು ಟಿಕೆಟ್ಟಿನ ಬೆಲೆಯಲ್ಲ. ನೃತ್ಯ ನಡೆಯುವಾಗ ನಮ್ಮ ಮುಂದೆ ತಟ್ಟೆ ಇರುತ್ತದೆಯೋ ಇಲ್ಲವೋ, ಹಿಮ್ಮೇಳದವರು ನಿಜವಾಗಿ ಕುಳಿತು ನುಡಿಸುತ್ತಾರೋ ಇಲ್ಲವೋ ಎಂಬ ಎರಡು ಸಂಗತಿಗಳೇ ಸಂಜೆಯ ಗುಣವನ್ನು ನಿರ್ಧರಿಸಿದವು.

ಇದು ಏಕೆ ಎಂದು ತಿಳಿಯಬೇಕಾದರೆ ಆ ನೃತ್ಯದ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಖ್ಮೇರ್, ಅಂದರೆ ಕಾಂಬೋಡಿಯದ ಮುಖ್ಯ ಜನಾಂಗದ, ಶಾಸ್ತ್ರೀಯ ನೃತ್ಯ ಬಹಳ ನಿಧಾನವಾದದ್ದು. ಎಲೆ, ಹೂ, ಹಣ್ಣು, ಬಳ್ಳಿಯ ಕುಡಿ ಎಂದು ವಿವರಿಸಲಾಗುವ ಕೈ ಮುದ್ರೆಗಳು ಒಂದರೊಳಗಿಂದ ಒಂದು ಅರಳುತ್ತವೆ; ನರ್ತಕಿ ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಪಾದವನ್ನು ಹಿಂದಕ್ಕೆ ಎತ್ತಿದರೆ ಅವಳು ಹಾರುತ್ತಿದ್ದಾಳೆ ಎಂದು ಅರ್ಥ. ಚಿಕ್ಕ ವಯಸ್ಸಿನಿಂದಲೇ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಪಳಗಿಸಿದವರಿಗೆ ಮಾತ್ರ ಸಾಧ್ಯವಾಗುವ ಈ ಸೂಕ್ಷ್ಮಗಳು, ಅರೆಗಣ್ಣಿನಲ್ಲಿ ನೋಡುವವರಿಗೆ ಕಾಣಿಸುವುದೇ ಇಲ್ಲ. ಸಂಗೀತಕ್ಕೆ ಪಿನ್‌ಪಿಯಟ್ ಎಂಬ ವಾದ್ಯಮೇಳವಿದೆ: ಮರದ ಪಟ್ಟಿಗಳ ರೊನಿಯಟ್, ವೃತ್ತಾಕಾರದಲ್ಲಿ ಜೋಡಿಸಿದ ಗಂಟೆಗಳ ಕೊಂಗ್ ವೊಂಗ್, ಊದುವ ಸ್ರಲೈ, ಎರಡು ಮುಖದ ಸಂಫೊ ಮದ್ದಳೆ, ಲಯ ಹಿಡಿಯುವ ಛಿಂಗ್ ತಾಳ. ಕಥಾನಕವುಳ್ಳ ನೃತ್ಯಗಳಲ್ಲಿ ನರ್ತಕಿಯರು ಮಾತನಾಡುವುದಿಲ್ಲ, ಬದಿಯಲ್ಲಿ ಕುಳಿತ ಹಾಡುಗಾರರು ಕಥೆಯನ್ನು ಹಾಡುತ್ತಾರೆ. ನಮ್ಮ ಯಕ್ಷಗಾನದಲ್ಲಿ ಭಾಗವತರು ಇಲ್ಲದೆ ಆಟ ನಡೆಯದು. ಇಲ್ಲಿಯೂ ಹಾಗೆಯೇ, ಹಿಮ್ಮೇಳವನ್ನು ತೆಗೆದರೆ ಉಳಿಯುವುದು ಬಹುಪಾಲು ವೇಷಭೂಷಣ.

ಇಷ್ಟು ಹಳೆಯ ಕಲೆಯಲ್ಲಿ ಪ್ರವಾಸಿಗಳು ಅತ್ಯಂತ ಪ್ರಾಚೀನವೆಂದು ಭಾವಿಸುವ ಅಪ್ಸರಾ ನೃತ್ಯವೇ ಹೊಸದು ಎಂಬುದು ನನಗೆ ಸ್ವಾರಸ್ಯವೆನಿಸಿತು. ಅಂಕೋರ್ ಕಾಲದಲ್ಲಿ ದೇವಾಲಯಗಳಲ್ಲಿ ನರ್ತಕಿಯರಿದ್ದದ್ದು ನಿಜ. ತಾ ಪ್ರೋಮ್‌ನ 1186ರ ಶಾಸನ 615 ನರ್ತಕಿಯರನ್ನು ಲೆಕ್ಕ ಹೇಳುತ್ತದೆ. ಆದರೆ ಈಗ ರಂಗದ ಮೇಲೆ ಕಾಣುವ ಅಪ್ಸರಾ ನೃತ್ಯವನ್ನು 20ನೆಯ ಶತಮಾನದ ನಡುಭಾಗದಲ್ಲಿ ರಾಣಿ ಸಿಸೊವತ್ ಕೊಸಮಾಕ್ ಅವರು ಆ ಶಿಲ್ಪಗಳಿಂದ ಪ್ರೇರಣೆ ಪಡೆದು ರೂಪಿಸಿದರು, ಮತ್ತು ಅವರ ಮೊಮ್ಮಗಳು ರಾಜಕುಮಾರಿ ನೊರೊಡೊಮ್ ಬುಪ್ಪಾ ದೇವಿ ಅದರ ಮೊದಲ ಮುಖ್ಯ ನರ್ತಕಿಯಾದರು. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಡಳಿತದಲ್ಲಿ ಕಲಾವಿದರಲ್ಲಿ ಬಹುಪಾಲು ಮಂದಿ ಸತ್ತರು. ಉಳಿದ ಕೆಲವೇ ಗುರುಗಳ ನೆನಪಿನಿಂದ ಈ ಪರಂಪರೆಯನ್ನು ಮತ್ತೆ ಕಟ್ಟಲಾಯಿತು. ರಾಜಮನೆತನದ ಈ ನೃತ್ಯ ಪರಂಪರೆಗೆ 2003ರಲ್ಲಿ ಯುನೆಸ್ಕೋ ಮನ್ನಣೆ ದೊರೆಯಿತು. ಆದ್ದರಿಂದ ಊಟದ ಜೊತೆಗಿನ ಪ್ರದರ್ಶನಗಳನ್ನು ಕಲೆಯ ಅವನತಿ ಎಂದು ಮೂಗು ಮುರಿಯುವವರ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಕಲಿತ ಯುವಕ ಯುವತಿಯರಿಗೆ ವಾರವಿಡೀ ಸಂಬಳ ಕೊಡುವ ರಂಗಗಳು ಆ ದೇಶದಲ್ಲಿ ಹೆಚ್ಚೇನೂ ಇಲ್ಲ.

ಮೊದಲು ಬಫೆ ಸಭಾಂಗಣ. ಪ್ರವಾಸಿ ಸಂಸ್ಥೆಗಳು ಬಸ್ಸುಗಟ್ಟಲೆ ಜನರನ್ನು ತಂದಿಳಿಸುವ ಇಂಥ ಸ್ಥಳಗಳಲ್ಲಿ ಒಮ್ಮೆಗೆ ನೂರಾರು ಜನ ಕೂಡಬಹುದು. ಆರು ಗಂಟೆಯ ಹೊತ್ತಿಗೆ ಊಟ ತೆರೆಯುತ್ತದೆ, ಏಳೂವರೆಗೆ ನೃತ್ಯ ಆರಂಭವಾಗುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ನಾನು ಹೋದ ಕಡೆ ಊಟವೂ ಪ್ರದರ್ಶನವೂ ಸೇರಿ ತಲೆಗೆ ಹನ್ನೆರಡು ಡಾಲರ್ ಆಯಿತು. ಊಟದ ಬಾಹುಳ್ಯವನ್ನು ಮಾತ್ರ ಲೆಕ್ಕ ಹಾಕಿದರೆ ಇದು ಅಗ್ಗವೇ. ತೊಂದರೆ ಇರುವುದು ಆಸನಗಳ ಜೋಡಣೆಯಲ್ಲಿ. ಉದ್ದನೆಯ ಮೇಜುಗಳನ್ನು ರಂಗಕ್ಕೆ ಅಡ್ಡಲಾಗಿ ಹಾಕದೆ ಉದ್ದಕ್ಕೆ ಹಾಕಿದ್ದರಿಂದ ಎಲ್ಲರೂ ಕತ್ತು ತಿರುಗಿಸಿಕೊಂಡೇ ನೋಡಬೇಕಾಯಿತು, ಮುಂದಿನ ಮೇಜುಗಳು ಮೊದಲೇ ತಂಡಗಳಿಗೆ ಮೀಸಲಾಗಿದ್ದವು, ಮತ್ತು ನೃತ್ಯ ಆರಂಭವಾದ ಮೇಲೂ ಬಫೆಯ ಸಾಲು ಕರಗಲಿಲ್ಲ. ಚಮಚ, ತಟ್ಟೆ, ಕುರ್ಚಿಗಳ ಸದ್ದಿನಲ್ಲಿ ಛಿಂಗ್‌ನ ನಾದ ಕೇಳಿಸುವ ಸಾಧ್ಯತೆಯೇ ಇರಲಿಲ್ಲ. ಬದಿಯಲ್ಲಿ ನಾಲ್ಕೈದು ವಾದಕರು ಕುಳಿತಿದ್ದರೂ ಧ್ವನಿವರ್ಧಕದಿಂದ ಬಂದದ್ದು ಬರೀ ಒಂದು ಮೊಳಗು.

ಅಲ್ಲಿನ ಕಾರ್ಯಕ್ರಮದ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಹೂ ಎರಚಿ ಹರಸುವ ಆಶೀರ್ವಾದ ನೃತ್ಯ, ತೆಂಗಿನ ಚಿಪ್ಪುಗಳನ್ನು ತಟ್ಟುವ ನೃತ್ಯ, ಮೀನು ಹಿಡಿಯುವವರ ನೃತ್ಯ, ರಾಮಕೇರ್ತಿ ಎಂಬ ಖ್ಮೇರ್ ರಾಮಾಯಣದಿಂದ ಒಂದು ಪ್ರಸಂಗ, ಕಡೆಯಲ್ಲಿ ಅಪ್ಸರಾ. ಬುಟ್ಟಿಗಳನ್ನು ಹಿಡಿದು ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಛೇಡಿಸುವ ಮೀನುಗಾರರ ನೃತ್ಯ ಎಂಥ ಗದ್ದಲದಲ್ಲೂ ಗೆಲ್ಲುತ್ತದೆ. 1960ರ ದಶಕದಲ್ಲಿ ನೋಮ್ ಪೆನ್‌ನ ಲಲಿತಕಲಾ ವಿಶ್ವವಿದ್ಯಾಲಯದ ವಲಯದಲ್ಲಿ ರೂಪುಗೊಂಡ ಈ ರಂಗಕೃತಿಗೆ ಜನರನ್ನು ನಗಿಸುವ ಶಕ್ತಿ ಇದೆ. ಆದರೆ ಅಪ್ಸರಾ ಬರುವ ಹೊತ್ತಿಗೆ, ಮರುದಿನ ಬೆಳಗಿನ ಜಾವ ಎದ್ದು ಅಂಕೋರ್ ವಾಟ್‌ನ ಸೂರ್ಯೋದಯಕ್ಕೆ ಹೋಗಬೇಕಾದ ತಂಡಗಳು ಎದ್ದು ಹೊರಡತೊಡಗಿದ್ದವು. ಯಾವುದಕ್ಕಾಗಿ ಬಂದಿದ್ದರೋ ಅದು ಬರುವಾಗ ಬಾಗಿಲಲ್ಲಿ ಚಪ್ಪಲಿ ಸದ್ದು.

ಪಬ್ ಸ್ಟ್ರೀಟ್‌ನ ಮಹಡಿಗಳಲ್ಲಿ ಪ್ರವೇಶ ಶುಲ್ಕವಿಲ್ಲ. ಊಟವನ್ನೋ ಪಾನೀಯವನ್ನೋ ತರಿಸಿಕೊಂಡರೆ ನೃತ್ಯ ನೋಡಬಹುದು; ತಿನಿಸಿನ ಬೆಲೆ ಬೀದಿಯ ಇತರ ಕಡೆಗಿಂತ ಒಂದೆರಡು ಡಾಲರ್ ಹೆಚ್ಚಿರುತ್ತದೆ, ಅಷ್ಟೆ. ಹಿಮ್ಮೇಳ ಧ್ವನಿಮುದ್ರಿತವಾಗಿತ್ತು, ರಂಗ ಎಂಬುದು ನಾಲ್ಕು ಜನ ಕೈ ಚಾಚಿದರೆ ಮುಗಿದುಹೋಗುವಷ್ಟು ಕಿರಿದಾಗಿತ್ತು, ಕೆಳಗಿನ ಬೀದಿಯ ಪಾಶ್ಚಾತ್ಯ ಸಂಗೀತ ನಿರಂತರವಾಗಿ ಮೇಲೇರುತ್ತಿತ್ತು. ಆದರೂ ಬಫೆ ಸಭಾಂಗಣಕ್ಕಿಂತ ಇಲ್ಲಿ ಹೆಚ್ಚು ನೋಡಿದೆ ಎಂದೇ ಹೇಳಬೇಕು, ಏಕೆಂದರೆ ನರ್ತಕಿಯರು ಕೆಲವೇ ಅಡಿ ದೂರದಲ್ಲಿದ್ದರು. ಹಿಂದಕ್ಕೆ ಬಾಗಿದ ಬೆರಳ ತುದಿ, ಒಂಟಿ ಕಾಲಿನ ಮೇಲೆ ನಿಂತಾಗ ಮೀನಖಂಡದಲ್ಲಿ ಆಡುವ ಸಣ್ಣ ನಡುಕ, ದೇಹಕ್ಕೆ ಬಿಗಿಯಾಗಿ ಹೊಂದುವಂತೆ ಮೈಮೇಲೆಯೇ ಹೊಲಿದ ರವಿಕೆಯ ಎಳೆಗಳು, ಇವೆಲ್ಲ ಕಂಡವು. ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಇರುವುದರಿಂದ, ಚಿಕ್ಕ ಮಕ್ಕಳಿರುವವರಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಕಾಣೆ.

ಸಣ್ಣ ರಂಗಮಂದಿರ ಇವೆರಡಕ್ಕಿಂತ ಬೇರೆಯೇ. ಮರದ ಕಟ್ಟಡ, ನೆಲಕ್ಕೆ ತಗ್ಗಾದ ಮೇಜುಗಳು, ರಂಗಕ್ಕೆ ಮುಖಮಾಡಿದ ಆಸನಗಳು, ಮೊದಲೇ ನಿಗದಿಪಡಿಸಿದ ಖ್ಮೇರ್ ಊಟ. ಬೆಲೆ ಬಫೆಯ ಎರಡು ಪಟ್ಟಿಗೂ ಮಿಕ್ಕಿ. ಮೊದಲ ದಿನ ನನಗೆ ಇದು ದುಬಾರಿ ಎನಿಸಿತ್ತು. ಆದರೆ ಊಟವನ್ನು ನೃತ್ಯಕ್ಕೆ ಮೊದಲು ಬಡಿಸಿ, ತಟ್ಟೆಗಳನ್ನು ಎತ್ತಿ, ದೀಪಗಳನ್ನು ತಗ್ಗಿಸಿದ ಮೇಲೆಯೇ ಹಿಮ್ಮೇಳ ಆರಂಭವಾಯಿತು ಎಂಬ ಒಂದೇ ಕಾರಣಕ್ಕೆ ಆ ಹಣ ಸಾರ್ಥಕವಾಯಿತು. ಸಂಫೊ ನುಡಿಸುವವರು ನರ್ತಕಿಯ ಪಾದವನ್ನೇ ನೋಡುತ್ತ ಪೆಟ್ಟು ಹಾಕುವುದನ್ನು ಅಲ್ಲಿ ಮೊದಲ ಬಾರಿಗೆ ಗಮನಿಸಿದೆ. ಧ್ವನಿಮುದ್ರಿಕೆಗೆ ಕುಣಿಯುವಾಗ ನರ್ತಕಿ ಸಂಗೀತವನ್ನು ಹಿಂಬಾಲಿಸುತ್ತಾಳೆ, ಇಲ್ಲಿ ಸಂಗೀತ ಅವಳಿಗಾಗಿ ಕಾಯುತ್ತಿತ್ತು.

ಅಂದು ಆಡಿದ ರಾಮಕೇರ್ತಿಯ ಪ್ರಸಂಗ ಸುವಣ್ಣಮಚ್ಛಾ ಮತ್ತು ಹನುಮಂತನದು. ವಾಲ್ಮೀಕಿ ರಾಮಾಯಣದಲ್ಲಿ ಇಲ್ಲದ ಈ ಕಥೆಯಲ್ಲಿ ರಾವಣನ ಮಗಳಾದ ಮತ್ಸ್ಯಕನ್ಯೆ ತನ್ನ ಮೀನಿನ ಪಡೆಯಿಂದ ಸೇತುವೆಯ ಕಲ್ಲುಗಳನ್ನು ಕದಿಸುತ್ತಾಳೆ, ತಡೆಯಲು ನೀರಿಗಿಳಿದ ಹನುಮಂತ ಅವಳನ್ನು ಅಟ್ಟಿಸಿಕೊಂಡು ಹೋಗಿ ಕೊನೆಗೆ ಅವಳಿಗೆ ಮನಸೋಲುತ್ತಾನೆ. ಬ್ರಹ್ಮಚಾರಿ ಹನುಮಂತನನ್ನು ಮಾತ್ರ ಬಲ್ಲ ನಮ್ಮವರಿಗೆ ಇದು ಸ್ವಲ್ಪ ಕಸಿವಿಸಿ ಉಂಟುಮಾಡಬಹುದು. ಪಕ್ಕದ ಮೇಜಿನಲ್ಲಿದ್ದ, ಹಾಸನದ ಕಡೆಯವರೆಂದು ಪರಿಚಯ ಹೇಳಿಕೊಂಡ ಹಿರಿಯರೊಬ್ಬರು “ಇದೇನು ಸ್ವಾಮಿ, ನಮ್ಮ ಆಂಜನೇಯನಿಗೆ ಮದುವೆ ಮಾಡಿಸಿಬಿಟ್ಟರಲ್ಲ!” ಎಂದು ನಕ್ಕರಾದರೂ ಕೊನೆಯವರೆಗೆ ಕಣ್ಣು ಕೀಳದೆ ನೋಡಿದರು. ಕಪಿಯ ಚುರುಕು ಜಿಗಿತಕ್ಕೂ ಮತ್ಸ್ಯಕನ್ಯೆಯ ಜಾರುವ ನಡಿಗೆಗೂ ನಡುವಿನ ಆಟವನ್ನು ಬಫೆ ಸಭಾಂಗಣದಲ್ಲಿಯೂ ನೋಡಿದ್ದೆ; ಆದರೆ ಅದು ಓಲೈಸುವುದರ, ದೂರ ಸರಿಯುವುದರ ಅಷ್ಟೊಂದು ಹಂತಗಳುಳ್ಳ ಸಂಭಾಷಣೆ ಎಂಬುದು ಇಲ್ಲಿಯೇ ತಿಳಿದದ್ದು.

ನೋಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಕಾಂಬೋಡಿಯನ್ ಲಿವಿಂಗ್ ಆರ್ಟ್ಸ್ ಎಂಬ ಸಂಸ್ಥೆ ನಡೆಸುವ ಪ್ರದರ್ಶನದಲ್ಲಿ ಊಟವೇ ಇಲ್ಲ. ಖ್ಮೇರ್ ರೂಜ್ ಹಿಂಸೆಯಿಂದ ಬದುಕುಳಿದ ಆರ್ನ್ ಚೊರ್ನ್ ಪೊಂಡ್ ಅವರು, ಅಳಿದುಳಿದ ಹಿರಿಯ ಕಲಾವಿದರನ್ನು ಹುಡುಕಿ ಅವರಿಂದ ಎಳೆಯರಿಗೆ ಪಾಠ ಹೇಳಿಸಲೆಂದು 1998ರಲ್ಲಿ ಆರಂಭಿಸಿದ ಸಂಸ್ಥೆ ಇದು. ಸಂಜೆ ಏಳಕ್ಕೆ ಆರಂಭ, ಒಂದು ಗಂಟೆಯ ಕಾರ್ಯಕ್ರಮ, ಆಸನಕ್ಕೆ ತಕ್ಕಂತೆ ದರ. 1920ರಲ್ಲಿ ತೆರೆದ ಆ ಕೆಂಪು ಕಟ್ಟಡದ ಚೂಪು ಸೂರುಗಳು ಹಿನ್ನೆಲೆಯಾಗಿದ್ದದ್ದು ಒಂದು ಸೊಬಗಾದರೆ, ಅರಮನೆಯ ಶಾಸ್ತ್ರೀಯ ನೃತ್ಯದ ಜೊತೆಗೆ ಗ್ರಾಮೀಣ, ಬುಡಕಟ್ಟು ನೃತ್ಯಗಳೂ ಬಂದದ್ದು ಇನ್ನೊಂದು ಲಾಭ. ಕಲಾತ್ಮಕವಾಗಿ ಸಣ್ಣ ರಂಗಮಂದಿರಕ್ಕೂ ಇದಕ್ಕೂ ನಡುವೆ ಆಯ್ಕೆ ಕಷ್ಟ. ಪ್ರೇಕ್ಷಕರ ಗಮನದ ವಿಷಯದಲ್ಲಿ ಮಾತ್ರ ಇದೇ ಮೇಲು; ತಿನ್ನಲು ಏನೂ ಇಲ್ಲದ ಕಡೆ ಜನ ನೋಡಲೆಂದೇ ಬಂದಿರುತ್ತಾರೆ.

ಇನ್ನು ಊಟ. ಮೀನು ತಿನ್ನುವವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ: ತೆಂಗಿನ ಹಾಲು ಮತ್ತು ನಿಂಬೆಹುಲ್ಲಿನ ಮಸಾಲೆಯಲ್ಲಿ ಮೀನನ್ನು ಬಾಳೆಯೆಲೆಯ ದೊನ್ನೆಯಲ್ಲಿ ಹಬೆಗೆ ಬೇಯಿಸುವ ಅಮೋಕ್ ಸಣ್ಣ ರಂಗಮಂದಿರದಲ್ಲಿ ಚೆನ್ನಾಗಿರುತ್ತದೆ, ಬಫೆಯಲ್ಲಿ ದೊಡ್ಡ ಪಾತ್ರೆಗೆ ಸುರಿದಿಟ್ಟ ಅಮೋಕ್ ಬರೀ ಸಾರಿನಂತಾಗಿರುತ್ತದೆ. ಸಸ್ಯಾಹಾರಿಗಳ ಲೆಕ್ಕ ಬೇರೆ. ಬಗೆಬಗೆಯ ಪದಾರ್ಥಗಳಿರುವ ಬಫೆಯಲ್ಲಿ ತಮಗೆ ಏನಾದರೂ ಸಿಕ್ಕೇ ಸಿಗುತ್ತದೆ ಎಂದು ನಮ್ಮವರು ಅತ್ತ ಹೋಗುತ್ತಾರೆ, ಆದರೆ ಸೊಪ್ಪಿನ ಹುರಿಗೂ ತರಕಾರಿ ಸಾರಿಗೂ ಮೀನಿನ ಸಾಸ್ ಬಿದ್ದಿರುವುದು ಸಾಮಾನ್ಯ, ಕೆಲವಕ್ಕೆ ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಗೊಜ್ಜೂ ಸೇರಿರುತ್ತದೆ, ಮೊದಲೇ ಬೆಂದು ಕೂತ ಪದಾರ್ಥದಲ್ಲಿ ಅದನ್ನು ಬಿಡಿ ಎಂದು ಹೇಳಲು ದಾರಿಯಿಲ್ಲ. ಅದಕ್ಕಿಂತ ಪಬ್ ಸ್ಟ್ರೀಟ್‌ನ ಮಹಡಿಯಲ್ಲಿ ಒಂದೊಂದೇ ತಿನಿಸನ್ನು ಹೇಳಿ ಮಾಡಿಸಿಕೊಳ್ಳುವುದು ಸುರಕ್ಷಿತ. ಮೀನು, ಮೀನಿನ ಸಾಸ್, ಸೀಗಡಿ ಮೂರನ್ನೂ ಹೆಸರಿಟ್ಟು ಬೇಡವೆಂದರೆ ತೋಫು ಹಾಕಿದ ಅಮೋಕ್ ಮಾಡಿಕೊಡುತ್ತಾರೆ. ಸಣ್ಣ ರಂಗಮಂದಿರದವರಿಗೆ ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿದ್ದರಿಂದ ಅಡುಗೆಮನೆಯಿಂದ ಬೇರೆ ತಟ್ಟೆ ಬಂತು. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು ಈ ನಾಲ್ಕರಲ್ಲಿ ನೋಮ್ ಪೆನ್‌ನ ದಾರಿಯನ್ನೇ ಹಿಡಿದು, ಊಟವನ್ನು ತಮಗೆ ಒಗ್ಗುವಲ್ಲಿ ಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲಿಗೇ ಹೋಗುವುದಾದರೂ ಹೋಟೆಲಿನ ಮೂಲಕ ಕಾಯ್ದಿರಿಸುವ ಮೊದಲು ಮೂರು ಮಾತು ಕೇಳಿಕೊಳ್ಳಬೇಕು: ವಾದ್ಯದವರು ಇರುತ್ತಾರೋ, ಊಟ ನೃತ್ಯಕ್ಕೆ ಮೊದಲೇ ಮುಗಿಯುತ್ತದೋ, ನಮ್ಮ ಮೇಜು ರಂಗದಿಂದ ಎಷ್ಟನೆಯ ಸಾಲು. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ಬಫೆ ಸಭಾಂಗಣವೆಂದೇ ತಿಳಿಯಬಹುದು, ಅಂಥಲ್ಲಿಗೆ ಹೋಗಲೇಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಊಟ ಮುಗಿಸಿ, ನೃತ್ಯ ಆರಂಭವಾಗುವಾಗ ಕುರ್ಚಿಯನ್ನು ರಂಗದ ಕಡೆಗೆ ತಿರುಗಿಸಿ ಕೂರಬೇಕು. ಪ್ರದರ್ಶನ ಮುಗಿದ ಮೇಲೆ ನರ್ತಕಿಯರು ರಂಗದ ಮೇಲೆಯೇ ನಿಂತು ಜನರೊಡನೆ ಚಿತ್ರ ತೆಗೆಸಿಕೊಳ್ಳುವ ರೂಢಿ ಬಹಳ ಕಡೆ ಇರುವುದರಿಂದ ನಡುವೆ ಫೋನು ಎತ್ತಬೇಕಾದ ಅಗತ್ಯ ಬೀಳುವುದಿಲ್ಲ. ಕಿರೀಟಕ್ಕೂ ಆಭರಣಗಳಿಗೂ ಕೈ ಹಾಕದಿದ್ದರೆ ಸರಿ. ನೋಮ್ ಪೆನ್‌ನಲ್ಲಿ ಪ್ರದರ್ಶನ ಎಂಟಕ್ಕೆ ಮುಗಿದ ಮೇಲೆ ನದಿಯ ದಂಡೆ ಕಾಲ್ನಡಿಗೆಯಷ್ಟೇ ದೂರ, ಅಲ್ಲಿನ ಊಟದ ಮನೆಗಳು ಆ ಹೊತ್ತಿಗೆ ಇನ್ನೂ ತೆರೆದಿರುತ್ತವೆ.